1.94 ಮೈಲಿ ಅಂತ ನಾಲ್ಕನೇ ಕ್ಲಾಸ್ ಮಗನ ಸ್ಕೂಲ್ ಬಸ್ ತೆಗೆದುಬಿಟ್ಟಿದ್ದಾರೆ. ಏನು ಮಾಡೋದು?

ಎರಡು ಮೈಲಿ ಅಪ್ಪ · ಆಗಸ್ಟ್ 18

ಎಲ್ಲರಿಗೂ ನಮಸ್ಕಾರ. ನಾವಿರುವುದು ಮಧ್ಯ ನ್ಯೂಜೆರ್ಸಿಯಲ್ಲಿ. ಊರಿನ ಹೆಸರು ಬೇಡ. ಮೂರು ವರ್ಷದಿಂದ ಮಗ ಸ್ಕೂಲ್ ಬಸ್ಸಿನಲ್ಲೇ ಹೋಗುತ್ತಿದ್ದ. ನಿನ್ನೆ ಸ್ಕೂಲ್ ಡಿಸ್ಟ್ರಿಕ್ಟ್‌ನಿಂದ, ಅಂದರೆ ಇಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವವರಿಂದ, ಮೇಲ್ ಬಂತು. ನಿಮ್ಮ ಮನೆಯಿಂದ ಶಾಲೆಗೆ 1.94 ಮೈಲಿ, ಈ ವರ್ಷದಿಂದ ನಿಮ್ಮ ಮಗುವಿಗೆ ಬಸ್ ಇಲ್ಲ ಅಂತ. ಮನೆ ಅದೇ, ಶಾಲೆ ಅದೇ. ಹೋದ ವರ್ಷ ದೂರ ಇದ್ದದ್ದು ಈ ವರ್ಷ ಹತ್ತಿರ ಹೇಗಾಯಿತು?

ಎದುರು ಸಾಲಿನ ಮನೆಯವರಿಗೆ ಬಸ್ ಇದೆ. ಅವರು 2.01 ಅಂತೆ. ನಮ್ಮ ಅಡುಗೆಮನೆ ಕಿಟಕಿಯಿಂದ ಅವರ ಬಾಗಿಲು ಕಾಣುತ್ತದೆ. ಫೋನಿನ ಮ್ಯಾಪ್‌ನಲ್ಲಿ ಕಾರಿನ ದಾರಿ ಹಾಕಿದರೆ ನಮಗೂ 2.1 ಬರುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವವರು. ಅಮ್ಮ ಊರಿನಿಂದ ಬಂದಿದ್ದಾರೆ, ನವೆಂಬರ್‌ವರೆಗೆ ಇರುತ್ತಾರೆ. ಆಮೇಲೆ? ಯಾರಾದರೂ ಇದನ್ನು ಪ್ರಶ್ನೆ ಮಾಡಿ ಗೆದ್ದವರಿದ್ದರೆ ದಯವಿಟ್ಟು ಹೇಳಿ.

ಗೊಜ್ಜವಲಕ್ಕಿ · ಆಗಸ್ಟ್ 18

ನಮಗೂ ಅದೇ ಮೇಲ್. ನಮ್ಮದು 1.6. ಮಗಳು ಎರಡನೇ ಕ್ಲಾಸ್. ಇಷ್ಟು ಪ್ರಾಪರ್ಟಿ ಟ್ಯಾಕ್ಸ್ ಕಟ್ಟಿ ಬಸ್ ಇಲ್ಲ ಅಂದರೆ ಹೇಗೆ ರೀ?

ನಡೆದು ನೋಡು · ಆಗಸ್ಟ್ 18

ಸುಮ್ನೆ ನಡೆಸಿ ಸ್ವಾಮಿ. ನಾವೆಲ್ಲ ಮೂರು ಕಿಲೋಮೀಟರ್ ನಡೆದೇ ಓದಿದವರು. ಹೆಗಲಿಗೆ ಚೀಲ, ಕಾಲಿಗೆ ಹವಾಯಿ ಚಪ್ಪಲಿ. ಇಲ್ಲಿನ ಮಕ್ಕಳಿಗೆ ಎಲ್ಲ ಬಾಗಿಲಿಗೇ ಬರಬೇಕು.

ಗೊಜ್ಜವಲಕ್ಕಿ · ಆಗಸ್ಟ್ 18

ನೀವು ನಡೆದ ದಾರಿಯಲ್ಲಿ ಗಂಟೆಗೆ 45 ಮೈಲಿ ವೇಗದಲ್ಲಿ ಎಸ್‌ಯುವಿ ಹೋಗುತ್ತಿತ್ತಾ ಅಣ್ಣ? ನಮ್ಮ ಮನೆ ಮತ್ತು ಶಾಲೆ ನಡುವೆ ನಾಲ್ಕು ಲೇನ್ ರಸ್ತೆ ಇದೆ. ಅರ್ಧ ದಾರಿ ಫುಟ್‌ಪಾತೇ ಇಲ್ಲ. ಚರಂಡಿ ಅಂಚಿನ ಹುಲ್ಲಿನ ಮೇಲೆ ನಡೆಯಬೇಕು. ಜನವರಿಯಲ್ಲಿ ಹಿಮ ಎತ್ತಿ ಆ ಹುಲ್ಲಿನ ಮೇಲೇ ಗುಡ್ಡೆ ಹಾಕುತ್ತಾರೆ.

ಕಡತ ಗುಮಾಸ್ತ · ಆಗಸ್ಟ್ 19

ಎರಡು ಮೈಲಿ ಅಪ್ಪ ಅವರೇ, ನಾನು ಐದು ವರ್ಷದ ಹಿಂದೆ ಇದೇ ಜಗಳ ಆಡಿದವನು. ಸೋತೆ. ಆದರೆ ಕಾನೂನು ಬಾಯಿಪಾಠವಾಯಿತು.

ಮೊದಲು ತಿಳಿಯಬೇಕಾದ್ದು, ಅಮೆರಿಕದಲ್ಲಿ ಎಲ್ಲ ಮಕ್ಕಳಿಗೂ ಬಸ್ ಕೊಡಲೇಬೇಕು ಅನ್ನುವ ಕೇಂದ್ರದ ಕಾನೂನು ಇಲ್ಲ. ಎಲ್ಲ ಆಯಾ ರಾಜ್ಯದ ಲೆಕ್ಕ. ನ್ಯೂಜೆರ್ಸಿಯಲ್ಲಿ ಕಿಂಡರ್‌ಗಾರ್ಟನ್‌ನಿಂದ ಎಂಟನೇ ಕ್ಲಾಸ್‌ವರೆಗೆ 2 ಮೈಲಿಗಿಂತ ಜಾಸ್ತಿ ಇರಬೇಕು. 9ರಿಂದ 12ಕ್ಕೆ ಎರಡೂವರೆ ಮೈಲಿಗಿಂತ ಜಾಸ್ತಿ. ಅಷ್ಟು ದೂರ ಇದ್ದವರನ್ನು ಕಾನೂನು 'ದೂರದವರು' ಅನ್ನುತ್ತದೆ. ಅವರಿಗೆ ಬಸ್ ಹಕ್ಕು. ಅದಕ್ಕಿಂತ ಹತ್ತಿರ ಇದ್ದವರಿಗೆ ಡಿಸ್ಟ್ರಿಕ್ಟ್ ಬಸ್ ಕೊಟ್ಟರೆ ಅದರ ಹೆಸರು ಕರ್ಟೆಸಿ ಬಸ್ಸಿಂಗ್. ಹೆಸರೇ ಹೇಳುವ ಹಾಗೆ ಅದು ಮರ್ಯಾದೆಗೆ ಕೊಡೋದು. ಇಷ್ಟ ಇದ್ದರೆ ಕೊಡುತ್ತಾರೆ, ದುಡ್ಡಿಲ್ಲ ಅಂದರೆ ತೆಗೆಯುತ್ತಾರೆ. ನಿಮಗೆ ಮೂರು ವರ್ಷ ಸಿಕ್ಕಿದ್ದು ಅದೇ.

ದುಡ್ಡು ಯಾಕಿಲ್ಲ? ರಾಜ್ಯದ ಸಾರಿಗೆ ಅನುದಾನ ದೂರದವರ ಲೆಕ್ಕದ ಮೇಲೆ ಬರುತ್ತದೆ. ಕರ್ಟೆಸಿ ಬಸ್ಸಿನ ಖರ್ಚು ಡಿಸ್ಟ್ರಿಕ್ಟ್‌ನ ಜೇಬಿನಿಂದ. ಇನ್ನೊಂದು ಕಡೆ, 2010ರ ಕಾನೂನಿನಿಂದ ಪ್ರಾಪರ್ಟಿ ಟ್ಯಾಕ್ಸ್ ವಸೂಲಿಯನ್ನು ವರ್ಷಕ್ಕೆ 2% ಮೇಲೆ ಏರಿಸುವುದು ಕಷ್ಟ. 2018ರಲ್ಲಿ ರಾಜ್ಯದ ಶಾಲಾ ಅನುದಾನದ ಲೆಕ್ಕ ಬದಲಾದಾಗ ಹಲವು ಡಿಸ್ಟ್ರಿಕ್ಟ್‌ಗಳ ಪಾಲು ಇಳಿಯಿತು. ಕತ್ತರಿ ಹಿಡಿದಾಗ ಮೊದಲು ಕಣ್ಣಿಗೆ ಬೀಳೋದು ಕರ್ಟೆಸಿ ಬಸ್ಸು. ಟೀಚರ್‌ನ ತೆಗೆಯುವುದಕ್ಕಿಂತ ಸುಲಭ ಅಲ್ವಾ.

ಇನ್ನು ಅಳತೆ. ಕಾರಿನ ದಾರಿ ಮರೆತುಬಿಡಿ. ಸಾರ್ವಜನಿಕ ರಸ್ತೆ ಅಥವಾ ಸಾರ್ವಜನಿಕ ಕಾಲುದಾರಿಯಲ್ಲಿ ಯಾವುದು ಅತಿ ಹತ್ತಿರವೋ ಅದು. ನಿಮ್ಮ ಮನೆ ಬಾಗಿಲಿನಿಂದ ಶಾಲೆಯ ಹತ್ತಿರದ ಸಾರ್ವಜನಿಕ ಪ್ರವೇಶದವರೆಗೆ. ಮುಂಬಾಗಿಲೇ ಆಗಬೇಕು ಅಂತಿಲ್ಲ. ಮೈದಾನದ ಕಡೆ ಒಂದು ಗೇಟ್ ಇದ್ದರೆ ಅದೂ ನಡೆಯುತ್ತದೆ. ನಾನು ಸೋತದ್ದು ಆ ಗೇಟಿನಲ್ಲೇ.

ಟೆಕ್ಸಸ್ ಗೌಡ · ಆಗಸ್ಟ್ 19

ನಮ್ಮಲ್ಲೂ ಎರಡೇ ಮೈಲಿ ಗೆರೆ. ಅದರ ಒಳಗೆ ಇದ್ದರೂ ದಾರಿ ಅಪಾಯದ್ದು ಅಂತ ಸ್ಕೂಲ್ ಬೋರ್ಡ್ ಗುರುತಿಸಿದರೆ ಬಸ್ ಸಿಗುತ್ತದೆ. ನಮ್ಮ ಮಗಳಿಗೆ ಸಿಕ್ಕಿದ್ದು ಹಾಗೆ, ನಡುವೆ ಹೈವೇ ಇದೆ.

ಸಿಲಿಕಾನ್ ಶೆಟ್ಟಿ · ಆಗಸ್ಟ್ 19

ನೀವು ಪುಣ್ಯವಂತರು. ಕ್ಯಾಲಿಫೋರ್ನಿಯಾಕ್ಕೆ ಬಂದು ನೋಡಿ. ಇಲ್ಲಿ ಸಾಮಾನ್ಯ ಮಕ್ಕಳಿಗೆ ಬಸ್ ಕೊಡಲೇಬೇಕು ಅಂತ ಇಲ್ಲವೇ ಇಲ್ಲ. ಕೊಟ್ಟರೂ ಫೀಸ್ ಕೇಳಬಹುದು ಅಂತ ರಾಜ್ಯದ ಸುಪ್ರೀಂ ಕೋರ್ಟ್ 1992ರಲ್ಲೇ ಹೇಳಿದೆ. ನಮ್ಮ ಏರಿಯಾದಲ್ಲಿ ಬೆಳಿಗ್ಗೆ ಎಂಟಕ್ಕೆ ಶಾಲೆ ಮುಂದೆ ಕಾರುಗಳ ಸಾಲು ನೋಡಿದರೆ ಧರ್ಮಸ್ಥಳದ ದೀಪೋತ್ಸವ ನೆನಪಾಗುತ್ತದೆ.

ಕಡತ ಗುಮಾಸ್ತ · ಆಗಸ್ಟ್ 19

ಶೆಟ್ಟರೇ, ಫೀಸ್ ವಿಷಯ ದೇಶದ ಸುಪ್ರೀಂ ಕೋರ್ಟ್‌ಗೂ ಹೋಗಿತ್ತು. 1988ರಲ್ಲಿ, ನಾರ್ತ್ ಡಕೋಟಾದ ಡಿಕಿನ್ಸನ್ ಎಂಬ ಊರಿನ ಕೇಸ್. ಮನೆಯಿಂದ ಶಾಲೆ 16 ಮೈಲಿ. ಬಸ್ಸಿಗೆ ವರ್ಷಕ್ಕೆ 97 ಡಾಲರ್. ಬಡ ಕುಟುಂಬ, ಕಟ್ಟಲು ಆಗುವುದಿಲ್ಲ ಅಂದರು. ಐದು ಜಡ್ಜ್‌ಗಳು ಡಿಸ್ಟ್ರಿಕ್ಟ್ ಕಡೆ, ನಾಲ್ವರು ಕುಟುಂಬದ ಕಡೆ. ಫೀಸ್ ಉಳಿಯಿತು.

ನಮ್ಮ ನ್ಯೂಜೆರ್ಸಿಯ ಬಸ್ಸೂ ಅಲ್ಲಿಗೆ ಹೋಗಿದೆ, 1947ರಲ್ಲಿ. ಯೂಯಿಂಗ್ ಎಂಬ ಊರು, ಟ್ರೆಂಟನ್ ಪಕ್ಕ. ಕ್ಯಾಥೊಲಿಕ್ ಶಾಲೆಗೆ ಹೋಗುವ ಮಕ್ಕಳ ಬಸ್ ಖರ್ಚನ್ನು ಬೋರ್ಡ್ ವಾಪಸ್ ಕೊಡುತ್ತಿತ್ತು. ಸರ್ಕಾರದ ದುಡ್ಡು ಚರ್ಚಿನ ಶಾಲೆಗೆ ಹೋದಂತೆ ಆಗುವುದಿಲ್ಲವೇ ಅಂತ ಒಬ್ಬ ತೆರಿಗೆದಾರ ಕೇಸ್ ಹಾಕಿದ. ಅಲ್ಲೂ 5–4. ದುಡ್ಡು ಹೋಗೋದು ಚರ್ಚಿಗಲ್ಲ, ಮಕ್ಕಳು ಸುರಕ್ಷಿತವಾಗಿ ಶಾಲೆ ತಲುಪುವುದಕ್ಕೆ ಅಂತ ತೀರ್ಪು. ಧರ್ಮ ಮತ್ತು ಸರ್ಕಾರದ ನಡುವೆ ಗೋಡೆ ಇರಬೇಕು ಅಂತ ದೊಡ್ಡ ದೊಡ್ಡ ಕೇಸುಗಳಲ್ಲಿ ಎತ್ತಿ ಹೇಳೋದು ಇದೇ ತೀರ್ಪನ್ನು. ಅದು ಶುರುವಾಗಿದ್ದು ಬಸ್ ಚಾರ್ಜಿನಿಂದ.

ಗೊಜ್ಜವಲಕ್ಕಿ · ಆಗಸ್ಟ್ 19

ಗುಮಾಸ್ತರೇ ಚೆನ್ನಾಗಿದೆ, ಆದರೆ ಸೆಪ್ಟೆಂಬರ್‌ನಲ್ಲಿ ನನ್ನ ಮಗಳನ್ನು ಯಾರು ಬಿಡುತ್ತಾರೆ?

ಕಡತ ಗುಮಾಸ್ತ · ಆಗಸ್ಟ್ 19

ಕ್ಷಮಿಸಿ ಮೇಡಂ, ಅಭ್ಯಾಸ.

ಸ್ಟಾಪ್ ಆರ್ಮ್ ಅಕ್ಕ · ಆಗಸ್ಟ್ 20

ಇದನ್ನೆಲ್ಲ ಓದಿ ಸುಮ್ಮನಿರೋಣ ಅಂದುಕೊಂಡೆ, ಆಗಲಿಲ್ಲ. ನಾನು ಜೆರ್ಸಿಯಲ್ಲೇ ಆರು ವರ್ಷದಿಂದ ಸ್ಕೂಲ್ ಬಸ್ ಓಡಿಸುತ್ತೇನೆ. ಹೌದು, ನಾನು ಚನ್ನರಾಯಪಟ್ಟಣದವಳೇ. ಮಕ್ಕಳು ದೊಡ್ಡವರಾದ ಮೇಲೆ ಮನೆಯಲ್ಲಿ ಕೂರಲು ಬೇಜಾರಾಗಿ ಸಿಡಿಎಲ್, ಅಂದರೆ ದೊಡ್ಡ ಗಾಡಿ ಓಡಿಸುವ ಲೈಸೆನ್ಸ್, ತೆಗೆದುಕೊಂಡೆ. ಬೆರಳಚ್ಚು, ಮೆಡಿಕಲ್, ಬಸ್ಸಿಗೆ ಬೇರೆ ಪರೀಕ್ಷೆ, ಮಕ್ಕಳ ಬಸ್ಸಿಗೆ ಇನ್ನೊಂದು ಪರೀಕ್ಷೆ. ನಮ್ಮ ಯಜಮಾನರು ಒಂದು ವಾರ ನಂಬಲಿಲ್ಲ.

ಹೊರಗಿನಿಂದ ನೋಡಿದರೆ ಅರ್ಧ ಖಾಲಿ ಬಸ್ ಹೋಗುತ್ತಿದೆ, ನಮ್ಮ ಮಗೂನ ಹತ್ತಿಸಿಕೊಂಡರೆ ಏನು ಅನ್ನಿಸುತ್ತದೆ. ದಿನಾ ಯಾರಾದರೂ ಕೇಳುತ್ತಾರೆ. ಒಳಗಿನ ಕಥೆ ಹೇಳುತ್ತೇನೆ.

ಬೆಳಿಗ್ಗೆ ಐದೂವರೆಗೆ ಯಾರ್ಡ್‌ನಲ್ಲಿರಬೇಕು. ಟಾರ್ಚ್ ಹಿಡಿದು ಬಸ್ ಸುತ್ತುತ್ತೇನೆ. ಟೈರು, ದೀಪ, ಬ್ರೇಕಿನ ಗಾಳಿ, ಹಿಂದಿನ ತುರ್ತು ಬಾಗಿಲು, ಪಕ್ಕಕ್ಕೆ ಚಾಚುವ ಆ ಕೆಂಪು ಸ್ಟಾಪ್ ಫಲಕ. ಒಂದೇ ಬಸ್ಸು ಮೂರು ಟ್ರಿಪ್ ಮಾಡುತ್ತದೆ. ಮೊದಲು ಹೈಸ್ಕೂಲು, ಆಮೇಲೆ ಮಿಡಲ್, ಕೊನೆಗೆ ನಿಮ್ಮ ಪುಟಾಣಿಗಳು. ಶಾಲೆಗಳ ಗಂಟೆ ಬೇರೆ ಬೇರೆ ಹೊತ್ತಿಗೆ ಇರುವುದು ಇದೇ ಕಾರಣಕ್ಕೆ. ಮೊದಲ ಟ್ರಿಪ್ ಹತ್ತು ನಿಮಿಷ ತಡವಾದರೆ ಮೂರನೆಯದೂ ತಡ. ಒಂದು ಸ್ಟಾಪ್ ಸೇರಿಸುವುದು ಅಂದರೆ ಬರೀ ಒಂದು ಮಗು ಹತ್ತುವುದಲ್ಲ. ದೀಪ ಹಾಕಬೇಕು, ಎರಡೂ ಕಡೆ ಗಾಡಿ ನಿಲ್ಲಬೇಕು, ಮಗು ಹತ್ತಿ ಕೂತು ಬೆಲ್ಟ್ ಹಾಕಬೇಕು. ಇಲ್ಲಿ ಬಸ್ಸಿನಲ್ಲೂ ಬೆಲ್ಟ್ ಕಡ್ಡಾಯ.

ಖಾಲಿ ಸೀಟಿನ ವಿಷಯ. ಬಸ್ ಹಕ್ಕಿರುವ ಮಗು ಒಂದು ದಿನವೂ ಬರದಿದ್ದರೂ ಅದರ ಸೀಟು ಅದರದ್ದೇ. ಮಳೆ ಬಂದ ದಿನ ಎಲ್ಲರೂ ಬಂದೇ ಬರುತ್ತಾರೆ. ಆಗ ಎಲ್ಲಿ ಕೂರಿಸಲಿ? ನಿಲ್ಲಿಸಿಕೊಂಡು ಹೋಗುವ ಹಾಗಿಲ್ಲ, ಇದು ನಮ್ಮೂರಿನ ಕೆಂಪು ಬಸ್ ಅಲ್ಲ. ಸೆಪ್ಟೆಂಬರ್ ಪೂರ್ತಿ ಲಿಸ್ಟ್ ಬದಲಾಗುತ್ತಲೇ ಇರುತ್ತದೆ. ಮನೆ ಬದಲಾಯಿಸಿದವರು, ಪ್ರೈವೇಟ್ ಶಾಲೆಗೆ ಹೋದವರು. ಎಷ್ಟು ಮಕ್ಕಳನ್ನು ಸಾಗಿಸುತ್ತಿದ್ದೇವೆ ಅಂತ ರಾಜ್ಯಕ್ಕೆ ಲೆಕ್ಕ ಹೋಗುವುದು ಅಕ್ಟೋಬರ್ ಮಧ್ಯದ ಹೊತ್ತಿಗೆ. ಆ ಹೊತ್ತಿಗೆ ಯಾವ ಬಸ್ಸಿನಲ್ಲಿ ನಿಜವಾಗಿ ಸೀಟು ಉಳಿದಿದೆ ಅಂತ ಆಫೀಸಿಗೂ ಗೊತ್ತಾಗುತ್ತದೆ. ಅದಕ್ಕೇ ಆಗಸ್ಟ್‌ನಲ್ಲಿ ಇಲ್ಲ ಅಂದವರು ಅಕ್ಟೋಬರ್‌ನಲ್ಲಿ ಹೂಂ ಅನ್ನುವುದುಂಟು. ಫೋನ್‌ನಲ್ಲಿ ಕೂಗಾಡಬೇಡಿ. ಆ ಕಡೆ ಇರುವ ಹೆಣ್ಣುಮಗಳು ಬೆಳಿಗ್ಗೆಯಿಂದ ಇನ್ನೂರು ಜನರ ಕೂಗು ಕೇಳಿರುತ್ತಾಳೆ. ಮೇಲ್ ಹಾಕಿ, ಉತ್ತರ ಇಟ್ಟುಕೊಳ್ಳಿ.

ಡ್ರೈವರ್‌ಗಳೂ ಸಾಲದು. ಕೋವಿಡ್ ಆದ ಮೇಲೆ ಎಷ್ಟೋ ಜನ ವಾಪಸ್ ಬರಲೇ ಇಲ್ಲ. ಬೆಳಿಗ್ಗೆ ಮೂರು ಗಂಟೆ, ಮಧ್ಯಾಹ್ನ ಮೂರು ಗಂಟೆ, ನಡುವೆ ಸಂಬಳ ಇಲ್ಲದ ಹೊತ್ತು. ಯಾರು ಬರುತ್ತಾರೆ? ಕೆಂಟಕಿಯ ಲೂಯಿವಿಲ್‌ನಲ್ಲಿ 2023ರಲ್ಲಿ ಹೊಸ ರೂಟ್ ಹಾಕಿ, ಮೊದಲ ದಿನವೇ ಕೆಲವು ಮಕ್ಕಳು ಮನೆ ಸೇರುವಾಗ ರಾತ್ರಿ ಹತ್ತರ ಹತ್ತಿರ ಆಗಿತ್ತು. ಆ ಸುದ್ದಿ ನೋಡಿ ನನಗೆ ಮೊದಲು ನೆನಪಾದವರು ಆ ಡ್ರೈವರ್‌ಗಳು.

ಹಾಂ, ಪ್ರತಿ ಟ್ರಿಪ್ ಮುಗಿದ ಮೇಲೆ ಕೊನೆಯ ಸೀಟಿನವರೆಗೂ ನಡೆದು ಹೋಗಿ ನೋಡುತ್ತೇವೆ, ಯಾವುದಾದರೂ ಮಗು ಮಲಗಿಬಿಟ್ಟಿದೆಯಾ ಅಂತ. ನನಗೆ ಇಲ್ಲಿಯವರೆಗೆ ಸಿಕ್ಕಿದ್ದು ನಲವತ್ತು ಗ್ಲೌಸ್, ಒಂದು ಪಿಟೀಲು, ಒಂದು ಸಲ ಡಬ್ಬಿಯಲ್ಲಿ ಹಾಗೇ ಉಳಿದ ಬಿಸಿಬೇಳೆ ಬಾತ್. ಅದು ಯಾರ ಮನೆಯದು ಅಂತ ಹುಡುಕಿ ವಾಪಸ್ ಕೊಟ್ಟೆ.

ಮಲ್ಲೇಶ್ವರಂ ಮರಳಿ · ಆಗಸ್ಟ್ 20

ಅಕ್ಕ, ನಿಮಗೊಂದು ದೊಡ್ಡ ನಮಸ್ಕಾರ.

ಪುಟ್ಟಿ ಅಮ್ಮ · ಆಗಸ್ಟ್ 20

ಒಂದು ಮಾತು ಸೇರಿಸುತ್ತೇನೆ. ನನ್ನ ಮಗಳಿಗೆ ಆಟಿಸಂ ಇದೆ. ಶಾಲೆ ಮುಕ್ಕಾಲು ಮೈಲಿ. ಆದರೂ ಮನೆ ಬಾಗಿಲಿಗೆ ಚಿಕ್ಕ ಬಸ್ ಬರುತ್ತದೆ, ಒಳಗೆ ಒಬ್ಬ ಸಹಾಯಕಿ. ವಿಶೇಷ ಅಗತ್ಯದ ಮಕ್ಕಳಿಗೆ ಐಇಪಿಯಲ್ಲಿ (ಆ ಮಗುವಿಗಾಗಿಯೇ ಶಾಲೆ ಬರೆಯುವ ಕಲಿಕೆಯ ಯೋಜನೆ) ಸಾರಿಗೆ ಬೇಕು ಅಂತ ಬರೆಸಿದರೆ ಮೈಲಿ ಲೆಕ್ಕ ಬರುವುದಿಲ್ಲ. ಇದು ಕೇಂದ್ರದ ಕಾನೂನು, ಯಾವ ರಾಜ್ಯದಲ್ಲಿದ್ದರೂ. ನನಗೆ ಮೊದಲ ವರ್ಷ ಯಾರೂ ಹೇಳಲಿಲ್ಲ, ನಾನೇ ಕಾರಿನಲ್ಲಿ ಬಿಡುತ್ತಿದ್ದೆ. ಐಇಪಿ ಮೀಟಿಂಗ್‌ನಲ್ಲಿ ಬಾಯಿಬಿಟ್ಟು ಕೇಳಿ.

ಕಡತ ಗುಮಾಸ್ತ · ಆಗಸ್ಟ್ 20

ಬೆಂಕಿ ಬಿದ್ದೋ, ಬಾಡಿಗೆ ಕಟ್ಟಲಾಗದೆಯೋ ಮನೆ ಬಿಟ್ಟು ನೆಂಟರ ಮನೆಯಲ್ಲಿ ಉಳಿದವರ ಮಕ್ಕಳಿಗೂ ಕೇಂದ್ರದ ಕಾನೂನು ಇದೆ. ಹಳೇ ಶಾಲೆಗೇ ಹೋಗಬಹುದು, ಸಾರಿಗೆಯನ್ನೂ ಕೊಡಬೇಕು. ನಮ್ಮವರು ನಾಚಿಕೆಯಿಂದ ಹೇಳಿಕೊಳ್ಳುವುದಿಲ್ಲ.

ಮಲ್ಲೇಶ್ವರಂ ಮರಳಿ · ಆಗಸ್ಟ್ 20

ನಾನು ಹೋದ ವರ್ಷ ಬೆಂಗಳೂರಿಗೆ ವಾಪಸ್ ಬಂದೆ. ಇಲ್ಲಿಂದ ನೋಡಿದರೆ ನಿಮ್ಮ ಜಗಳ ಬೇರೆ ಥರ ಕಾಣುತ್ತದೆ. ನಮ್ಮ ಆರ್‌ಟಿಇ ಲೆಕ್ಕದಲ್ಲಿ ಒಂದರಿಂದ ಐದಕ್ಕೆ 1 ಕಿಲೋಮೀಟರ್ ಒಳಗೆ, ಆರರಿಂದ ಎಂಟಕ್ಕೆ 3 ಕಿಲೋಮೀಟರ್ ಒಳಗೆ ಶಾಲೆಯೇ ಇರಬೇಕು. ಅಂದರೆ ಇಲ್ಲಿ ಶಾಲೆಯನ್ನು ಮಗುವಿನ ಹತ್ತಿರ ತರುವ ಯೋಚನೆ, ಅಲ್ಲಿ ಮಗುವನ್ನು ಶಾಲೆಯ ಹತ್ತಿರ ಒಯ್ಯುವ ಯೋಚನೆ. ಹೈಸ್ಕೂಲಿಗೆ ಬಂದಾಗ ನಮ್ಮವರು ಸೈಕಲ್ ಕೊಟ್ಟರು. ನಮ್ಮ ಚಿಕ್ಕಪ್ಪನ ಮಗಳು ಎಂಟನೇ ಕ್ಲಾಸಿನಲ್ಲಿ ಸರ್ಕಾರಿ ಸೈಕಲ್ ತುಳಿದುಕೊಂಡೇ ಹೋದವಳು. ಈಗ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹುಡುಗಿಯರಿಗೆ ಟಿಕೆಟ್ ಇಲ್ಲ. ಆದರೆ ಬಸ್ಸೇ ಬರದ ಊರಿನಲ್ಲಿ ಫ್ರೀ ಟಿಕೆಟ್ ಇಟ್ಟುಕೊಂಡು ಏನು ಮಾಡೋದು ಅಂತ ಅವಳೇ ಕೇಳುತ್ತಾಳೆ.

ನಡೆದು ನೋಡು · ಆಗಸ್ಟ್ 20

ಅದನ್ನೇ ನಾನೂ ಹೇಳಿದ್ದು. ನಡೆಯಲಿ.

ಎರಡು ಮೈಲಿ ಅಪ್ಪ · ಆಗಸ್ಟ್ 23

ಎಲ್ಲರಿಗೂ ಧನ್ಯವಾದ. ನಡೆದೆ, 'ನಡೆದು ನೋಡು' ಅವರೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಉದ್ದ ಹಿಡಿಯ ಅಳತೆ ಚಕ್ರ ಸಿಗುತ್ತದೆ, ಉರುಳಿಸಿಕೊಂಡು ಹೋದರೆ ಅಡಿ ಲೆಕ್ಕ ತೋರಿಸುತ್ತದೆ. ಒಂದು ಕೊಂಡುಕೊಂಡೆ. ಇವತ್ತು ಬೆಳಿಗ್ಗೆ ಏಳಕ್ಕೆ ನಾನು, ಮಗ, ಅಮ್ಮ ಮೂವರೂ ಹೊರಟೆವು. ಅಮ್ಮ ಸೀರೆ ಮೇಲೆ ಸ್ವೆಟರ್, ಕಾಲಿಗೆ ನನ್ನ ಹೆಂಡತಿಯ ಶೂ. ಆಗಸ್ಟ್‌ನಲ್ಲಿ ಸ್ವೆಟರ್ ಯಾಕೆ ಅಂತ ಕೇಳಬೇಡಿ.

ಲೆಕ್ಕ: 10,260 ಅಡಿ. 5,280ರಿಂದ ಭಾಗಿಸಿದರೆ 1.94. ಡಿಸ್ಟ್ರಿಕ್ಟ್ ಹೇಳಿದ್ದು ಸರಿಯಾಗಿಯೇ ಇದೆ. ಗುಮಾಸ್ತರು ಹೇಳಿದ ಹಾಗೆ ಮೈದಾನದ ಗೇಟೂ ಇದೆ. ಮಗನಿಗೆ ಚಕ್ರ ಉರುಳಿಸಿದ್ದೇ ಖುಷಿ. ನಾನು ಸೋತೆ ಅನ್ನಿಸುತ್ತದೆ.

ಸ್ಟಾಪ್ ಆರ್ಮ್ ಅಕ್ಕ · ಆಗಸ್ಟ್ 23

ಯಾವ ದಾರಿಯಲ್ಲಿ ಹೋದಿರಿ? ಕಾರಿನ ದಾರಿ 2.1 ಅಂದಿರಿ. ಆ ಆರನೇ ಒಂದು ಭಾಗ ಮೈಲಿ ಎಲ್ಲಿ ಉಳಿಯಿತು?

ಎರಡು ಮೈಲಿ ಅಪ್ಪ · ಆಗಸ್ಟ್ 23

ನಮ್ಮ ಹಿಂದಿನ ಟೌನ್‌ಹೌಸ್ ಕಾಲೊನಿ ನಡುವೆ ಒಂದು ಡಾಂಬರು ಕಾಲುದಾರಿ ಇದೆ. ಕೊಳದ ಪಕ್ಕ. ಅದರಲ್ಲಿ ಹೋದರೆ ಆ ಕಡೆ ರಸ್ತೆಗೆ ಬೀಳುತ್ತೇವೆ. ಎಲ್ಲರೂ ಸಂಜೆ ವಾಕಿಂಗ್ ಅಲ್ಲೇ.

ಸ್ಟಾಪ್ ಆರ್ಮ್ ಅಕ್ಕ · ಆಗಸ್ಟ್ 23

ಆ ದಾರಿ ಯಾರದ್ದು?

ಎರಡು ಮೈಲಿ ಅಪ್ಪ · ಆಗಸ್ಟ್ 23

ಯಾರದ್ದು ಅಂದರೆ?

ಕಡತ ಗುಮಾಸ್ತ · ಆಗಸ್ಟ್ 23

ಅಯ್ಯೋ! ಅಕ್ಕ ಸರಿಯಾದ ಜಾಗ ಹಿಡಿದರು. ಅದು ಟೌನ್‌ಷಿಪ್‌ನ, ಅಂದರೆ ಊರಿನ ಆಡಳಿತದ, ದಾರಿಯಾ, ಕಾಲೊನಿ ಸಂಘದ ದಾರಿಯಾ? ನಿಯಮದಲ್ಲಿರುವ ಮಾತು ಸಾರ್ವಜನಿಕ ಕಾಲುದಾರಿ. ಸಂಘದ ಖಾಸಗಿ ದಾರಿಯಾದರೆ ಡಿಸ್ಟ್ರಿಕ್ಟ್ ಅದನ್ನು ಹೇಗೆ ಲೆಕ್ಕಕ್ಕೆ ಹಿಡಿಯಿತು ಅಂತ ಕೇಳಬಹುದು. ಟೌನ್‌ಷಿಪ್ ಆಫೀಸಿನಲ್ಲಿ ನಕ್ಷೆ ನೋಡಿ. ಸಾರ್ವಜನಿಕರು ಓಡಾಡಲು ಹಕ್ಕು ಬರೆದುಕೊಟ್ಟಿದ್ದಾರಾ ಅಂತಲೂ ನೋಡಿ. ಕೊಟ್ಟಿದ್ದರೆ ಕಥೆ ಮುಗಿಯಿತು.

ಎರಡು ಮೈಲಿ ಅಪ್ಪ · ಆಗಸ್ಟ್ 24

ಈಗಷ್ಟೇ ಹೋಗಿ ನೋಡಿ ಬಂದೆ. ನಾಲ್ಕು ವರ್ಷದಿಂದ ಆ ದಾರಿಯಲ್ಲಿ ನಡೆಯುತ್ತಿದ್ದೇನೆ. ಪೊದೆ ಹಿಂದೆ ಒಂದು ಬೋರ್ಡ್ ಇದೆ. ಖಾಸಗಿ ಜಾಗ, ನಿವಾಸಿಗಳಿಗೆ ಮಾತ್ರ ಅಂತ. ಅರ್ಧ ಅಕ್ಷರ ಅಳಿಸಿಹೋಗಿದೆ. ಕೊಂಬೆ ಸರಿಸಿ ಫೋಟೊ ತೆಗೆದೆ. ನಾಳೆ ಟೌನ್‌ಷಿಪ್ ಆಫೀಸ್.

ಗೊಜ್ಜವಲಕ್ಕಿ · ಆಗಸ್ಟ್ 24

ನಿಮಗಾದರೆ ಪೊದೆ ಹಿಂದೆ ಬೋರ್ಡ್ ಇದೆ. ನನಗೆ 1.6. ಯಾವ ಬೋರ್ಡೂ ಸಾಲದು.

ಕಡತ ಗುಮಾಸ್ತ · ಆಗಸ್ಟ್ 24

ಮೇಡಂ, ನಿಮ್ಮದು ದೂರದ ಜಗಳವೇ ಅಲ್ಲ. ನಿಮ್ಮದು ದಾರಿಯ ಜಗಳ. ಅಪಾಯದ ದಾರಿಗೆ ಕರ್ಟೆಸಿ ಬಸ್ ಕೊಡುವ ಡಿಸ್ಟ್ರಿಕ್ಟ್ ಅದಕ್ಕೆ ಒಂದು ಲಿಖಿತ ಪಾಲಿಸಿ ಇಟ್ಟುಕೊಳ್ಳಬೇಕು. ನಿಮ್ಮ ಸ್ಕೂಲ್ ಬೋರ್ಡಿನ ಪಾಲಿಸಿ ಮೊದಲು ಓದಿ. ಏನೇನು ನೋಡಬಹುದು ಅಂತ ಕಾನೂನಿನಲ್ಲೇ ಇದೆ: ಗಾಡಿಗಳ ಸಂಖ್ಯೆ, ವೇಗ, ಫುಟ್‌ಪಾತ್ ಇದೆಯಾ ಇಲ್ಲವಾ, ಎದುರು ಕಾಣದ ತಿರುವು, ಸೇತುವೆ, ರೈಲು ಹಳಿ, ದಾಟಬೇಕಾದ ದೊಡ್ಡ ರಸ್ತೆ. ನಿಮ್ಮ ನಾಲ್ಕು ಲೇನ್‌ಗೆ ಇದರಲ್ಲಿ ಮೂರಾದರೂ ಅನ್ವಯಿಸುತ್ತವೆ. ಅಳುತ್ತಾ ಹೋಗಬೇಡಿ, ಪಟ್ಟಿ ಹಿಡಿದು ಹೋಗಿ. ಟೌನ್‌ಷಿಪ್‌ಗೂ ಬರೆಯಿರಿ, ಖರ್ಚಿಗೆ ಅವರು ಕೈ ಹಾಕಲು ಕಾನೂನಿನಲ್ಲಿ ದಾರಿ ಇದೆ. ಕ್ರಾಸಿಂಗ್ ಗಾರ್ಡ್ ಹಾಕುವವರೂ ಅವರೇ.

ಮಧ್ಯಂತರಕ್ಕೆ ಸಬ್‌ಸ್ಕ್ರಿಪ್ಷನ್ ಬಸ್ ಇದೆಯಾ ಕೇಳಿ. ನಾವೇ ದುಡ್ಡು ಕೊಟ್ಟು ಸೀಟು ತೆಗೆದುಕೊಳ್ಳುವುದು. ಆದಾಯ ಕಡಿಮೆ ಇದ್ದು, ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರಾದವರನ್ನು ದುಡ್ಡಿಲ್ಲ ಅಂತ ಬಿಡುವ ಹಾಗಿಲ್ಲ.

ಎರಡು ಮೈಲಿ ಅಪ್ಪ · ಸೆಪ್ಟೆಂಬರ್ 16

ತಡವಾಗಿ ಬರೆಯುತ್ತಿದ್ದೇನೆ. ನಕ್ಷೆಯಲ್ಲಿ ಆ ಕಾಲುದಾರಿ ಸಂಘದ ಆಸ್ತಿ, ಸಾರ್ವಜನಿಕರ ಹಕ್ಕು ಎಲ್ಲೂ ಬರೆದಿಲ್ಲ. ನಕ್ಷೆ, ಬೋರ್ಡಿನ ಫೋಟೊ, ಎರಡು ಪ್ಯಾರಾ ಮೇಲ್. ಹತ್ತು ದಿನ ಉತ್ತರ ಇಲ್ಲ. ಆಮೇಲೆ ಒಂದೇ ಸಾಲು: ಮತ್ತೆ ಅಳೆದಿದ್ದೇವೆ, 2.08, ಸೋಮವಾರದಿಂದ ಬಸ್. ಕ್ಷಮೆ ಗಿಮೆ ಏನೂ ಇಲ್ಲ. ಸ್ಟಾಪ್ ಮಾತ್ರ ಮನೆಯಿಂದ ಕಾಲು ಮೈಲಿ.

ಆ ಎರಡು ವಾರ ಅಮ್ಮನೇ ಮಗನನ್ನು ನಡೆಸಿಕೊಂಡು ಹೋದರು. ಒಂದು ದಿನ ಸಿಗ್ನಲ್ ಹತ್ತಿರ ನಿಂತು ಎಣಿಸಿದ್ದಾರೆ. ದಾಟಲು ನಡೆಯುವ ಮನುಷ್ಯನ ಬಿಳಿ ದೀಪ ಬರುವಷ್ಟರಲ್ಲಿ 61 ಕಾರು. ಅಷ್ಟರಲ್ಲಿ ಒಬ್ಬನೂ ಫೋನಿನಿಂದ ತಲೆ ಎತ್ತಲಿಲ್ಲ ಅಂತ ಅವರ ದೂರು.

ಗೊಜ್ಜವಲಕ್ಕಿ · ಸೆಪ್ಟೆಂಬರ್ 16

ಖುಷಿಯಾಯಿತು ಸರ್, ನಿಜವಾಗಿ. ನಮ್ಮದು ಇನ್ನೂ ಇಲ್ಲ. ಸಬ್‌ಸ್ಕ್ರಿಪ್ಷನ್ ಸೀಟು ಮುಗಿದಿದೆಯಂತೆ, ಅಕ್ಟೋಬರ್ ನಂತರ ನೋಡೋಣ ಅಂದರು. ಅಕ್ಕ ಹೇಳಿದ ಹಾಗೇ. ಮುಂದಿನ ವಾರ ಬೋರ್ಡ್ ಮೀಟಿಂಗ್ ಇದೆ, ಮಾತಾಡಲು ಮೂರು ನಿಮಿಷ ಕೊಡುತ್ತಾರೆ. ನಮ್ಮ ಬೀದಿಯ ಏಳು ಮನೆಯವರು ಬರುತ್ತಿದ್ದೇವೆ. ಒಬ್ಬರು ಗಾಡಿಗಳ ವೇಗ ಹೇಳುತ್ತಾರೆ, ಒಬ್ಬರು ತಿರುವು. ಫುಟ್‌ಪಾತ್ ನನ್ನ ಪಾಲಿಗೆ. ಎಷ್ಟು ಅಡಿ ಫುಟ್‌ಪಾತ್ ಇಲ್ಲ ಅಂತ ಸರಿಯಾಗಿ ಹೇಳಬೇಕು. ಆ ಚಕ್ರ ಇನ್ನೂ ಇದೆಯಾ?

ನಡೆದು ನೋಡು · ಸೆಪ್ಟೆಂಬರ್ 16

ಮೇಡಂ, ಯಾವ ದಿನ ಮೀಟಿಂಗ್? ನಾನೂ ಅದೇ ಡಿಸ್ಟ್ರಿಕ್ಟ್ ಅನ್ನಿಸುತ್ತದೆ. ನಿನ್ನೆ ಆ ನಾಲ್ಕು ಲೇನ್ ನಡೆದು ನೋಡಿದೆ. ಬರುತ್ತೇನೆ.

ಎರಡು ಮೈಲಿ ಅಪ್ಪ · ಸೆಪ್ಟೆಂಬರ್ 16

ಚಕ್ರ ಗ್ಯಾರೇಜಿನಲ್ಲಿದೆ. ವಿಳಾಸ ನಿಮಗೆ ಬೇರೆ ಕಳಿಸುತ್ತೇನೆ. ಶನಿವಾರ ಬೆಳಿಗ್ಗೆ ಬನ್ನಿ, ಅಮ್ಮ ಅವಲಕ್ಕಿ ಮಾಡುತ್ತಾರಂತೆ. ಶುರು ಮಾಡುವ ಮುಂಚೆ ಸೊನ್ನೆಗೆ ತಿರುಗಿಸಿಕೊಳ್ಳಿ, ಮಗ ಅದನ್ನು ಮನೆಯೊಳಗೆಲ್ಲ ಓಡಿಸಿ 3,000 ಅಡಿ ಮಾಡಿಟ್ಟಿದ್ದಾನೆ.